ನಕ್ಷತ್ರ ತೂಗದ ವರ್ಷ

ವೆಸ್ಟೆರಾಸ್, ಸ್ವೀಡನ್
2 ಅಕ್ಟೋಬರ್ 2005

ಸೆಲೀನ್ ಆಂಟಿಗೆ,

ಶಿರ್ವದಿಂದ ನೀವು ಬರೆದ ಪತ್ರ ಮೊನ್ನೆ ಕೈಸೇರಿತು. ಕವರಿನ ಮೇಲಿನ ಅಕ್ಷರ ನೋಡಿ ಒಂದು ಕ್ಷಣ ವಿನೀತಾಳೇ ಬರೆದಳೇನೋ ಅನ್ನಿಸಿಬಿಟ್ಟಿತು. ಅವಳದ್ದೂ ಇದೇ ದುಂಡಕ್ಷರ. ಕನ್ನಡ ಟೀಚರ್ ಮಗಳು ಅಂತ ನಾವೆಲ್ಲ ಅವಳನ್ನು ರೇಗಿಸುತ್ತಿದ್ದೆವು.

ಫೋನ್ ಮಾಡಬೇಡ, ಮಗಳು ಹೋದ ಸುದ್ದಿ ಬಂದದ್ದು ಅದರಲ್ಲೇ, ಇನ್ನು ಅದರ ಗಂಟೆ ಕೇಳಲಾರೆ ಎಂದಿದ್ದೀರಿ. ಆ ದಿನ ಫೋನ್ ಮಾಡಿದವಳು ನಾನೇ ಆಂಟಿ. ಅದಕ್ಕೇ ಪತ್ರದಲ್ಲೇ ಉತ್ತರ ಕೊಡುತ್ತಿದ್ದೇನೆ.

ಅವಳ ಕಾಯಿಲೆ ನನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದ್ದೀರಿ. ಈಸ್ಟರ್ ಹೊತ್ತಿಗೇ ಗೊತ್ತಿತ್ತು. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದು ಕೋಟು ಕೂಡ ತೆಗೆಯದೆ ಹೇಳಿದಳು, "ಪಪ್ಪಂಗೆ ಬೈಪಾಸ್ ಆಗಿ ಮೂರು ತಿಂಗಳೂ ಆಗಿಲ್ಲ ಕಣೇ. ಈಗ ಇದನ್ನ ಹೇಳಿದ್ರೆ ಅವರು ಉಳಿಯಲ್ಲ. ಡಿಸೆಂಬರಲ್ಲಿ ನಾನೇ ಹೋಗಿ ಎದುರಿಗೆ ಕೂತು ಹೇಳ್ತೀನಿ, ನೀನು ಬಾಯಿ ಬಿಡಬೇಡ." ಡಾಕ್ಟರುಗಳೂ ಒಂದು ವರ್ಷದ ಮಾತಾಡುತ್ತಿದ್ದರು. ಆಗಸ್ಟ್ ಇಪ್ಪತ್ತಕ್ಕೇ ಮುಗಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು? ನಿಮಗೆ ವೀಸಾ ಬರುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಅವಳ ಮಾತು ಉಳಿಸಿ ನಿಮಗೆ ಮಗಳ ಮುಖ ಕಾಣಸಿಗದ ಹಾಗೆ ಮಾಡಿದೆ. ಕ್ಷಮಿಸಿ ಅನ್ನಲು ಕೂಡ ನನಗೆ ನಾಚಿಕೆ.

ನಿಮ್ಮ ಮೊಮ್ಮಕ್ಕಳು ಚೆನ್ನಾಗಿದ್ದಾರೆ. ಮಿರಿಯಮ್‌ಗೆ ಆರು ತುಂಬಿ ಸ್ಕೂಲಿಗೆ ಸೇರಿದಳು. ನಾಲ್ಕು ವರ್ಷದ ಯೋಯೆಲ್ ಇನ್ನೂ ಡಾಗಿಸ್‌ಗೇ, ಅಂದರೆ ಇಲ್ಲಿಯ ಶಿಶುವಿಹಾರಕ್ಕೇ ಹೋಗುತ್ತಾನೆ. ಅವರಪ್ಪ ರೂಬೆನ್ ಆಫೀಸಿನಿಂದ ಬರುವುದು ತಡವಾದ ದಿನ ಇಬ್ಬರೂ ನಮ್ಮ ಮನೆಯಲ್ಲೇ ಊಟ ಮಾಡುತ್ತಾರೆ. ಅವನ ಅಮ್ಮ ಎಸ್ತೆರ್ ಪ್ರತಿ ಶುಕ್ರವಾರ ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಬರುತ್ತಾರೆ. ಚಿಕ್ಕವನು ಅತ್ತು ಸುಮ್ಮನಾಗುತ್ತಾನೆ. ಮಿರಿಯಮ್ ಅಳುವುದೇ ಇಲ್ಲ. ಅದು ನನಗೆ ಹೆದರಿಕೆ.

ಯಹೂದಿ ಅಪ್ಪ, ಕ್ರಿಶ್ಚಿಯನ್ ಅಮ್ಮ, ಈ ಮಕ್ಕಳು ಏನಾಗಿ ಬೆಳೆಯುತ್ತಾರೆ ಎಂಬ ಚಿಂತೆ ನಿಮಗೆ ಮೊದಲಿನಿಂದಲೂ ಇತ್ತಂತೆ. ವಿನೀತಾಗೆ ಅದು ಚಿಂತೆಯೇ ಆಗಿರಲಿಲ್ಲ. ಡಿಸೆಂಬರ್ ಬಂದರೆ ರೂಬೆನ್‌ನ ಹನುಕ್ಕಾ, ಎಂಟು ಸಂಜೆ, ದಿನಕ್ಕೊಂದು ಮೇಣದ ಬತ್ತಿ ಹೆಚ್ಚು. ಮಿಕ್ಕವನ್ನು ಹಚ್ಚುವುದಕ್ಕೇ ಒಂಬತ್ತನೆಯದು ಬೇರೆ. ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ರೊಟ್ಟಿ, ನಾಲ್ಕು ಮುಖದ ಬುಗುರಿ. ಹಾಗೇ ನಿಮ್ಮ ಕ್ರಿಸ್‌ಮಸ್, ಕಿಟಕಿಗೆ ನಕ್ಷತ್ರ, ನೀವು ಕೊಟ್ಟ, ಯೇಸು ಹುಟ್ಟಿದ ಕೊಟ್ಟಿಗೆಯ ಮಣ್ಣಿನ ಬೊಂಬೆಗಳ ಗೋದಲಿ, ತಟ್ಟೆ ತುಂಬ ಕುಸ್ವಾರ್ ತಿಂಡಿಗಳು. "ಅದು ಪಪ್ಪಂದು, ಇದು ಮಮ್ಮಂದು, ಎರಡೂ ನಿಮ್ದು" ಅಂತ ಹೇಳಿಕೊಟ್ಟಿದ್ದಳು. ಈ ವರ್ಷ ಅವರ ಪಂಚಾಂಗದ ಪ್ರಕಾರ ಮೊದಲ ಬತ್ತಿ ಡಿಸೆಂಬರ್ ಇಪ್ಪತ್ತೈದರ ಸಂಜೆಯೇ ಬರುತ್ತದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ಒಂದೇ ಚೌಕಕ್ಕೆ ವಿನೀತಾ ಮೊದಲೇ ಎರಡು ಬಣ್ಣದಲ್ಲಿ ಗುರುತು ಹಾಕಿದ್ದಳು. ಮಿರಿಯಮ್ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಾಳೆ.

ಅಂಕಲ್ ಆರೋಗ್ಯದ ಬಗ್ಗೆ ಎರಡು ಸಾಲು ಬರೆಯಿರಿ.

ನಿಮ್ಮ ಮಗಳ ಗೆಳತಿ,
ಮಾಲತಿ


ಶಿರ್ವ
9 ನವೆಂಬರ್ 2005

ಪ್ರೀತಿಯ ಮಾಲತಿ,

ನಿನ್ನ ಕಾಗದವನ್ನು ಇಗ್ನೇಷಿಯಸ್ ಅಂಕಲ್‌ಗೆ ಓದಿ ಹೇಳಿದೆ. ಬೈಪಾಸಿನ ಮಾತು ಬಂದಲ್ಲಿ ಎದ್ದು ಹಿತ್ತಲಿಗೆ ಹೋದರು. ತನ್ನಿಂದಾಗಿ ಮಗಳು ಬಾಯಿ ಮುಚ್ಚಿಕೊಂಡು ಸತ್ತಳು ಎಂದು ಈಗ ದಿನವಿಡೀ ಅದನ್ನೇ ಜಪ ಮಾಡುತ್ತಾರೆ. ಊಟಕ್ಕೆ ಕೂರಿಸುವುದೇ ಒಂದು ಸಾಹಸ. ನಿನ್ನನ್ನು ಬೈಯಬೇಕೆಂದು ನಾನು ನಾಲ್ಕು ಸಲ ಪೆನ್ನು ಹಿಡಿದೆ. ಬೈದರೆ ಮಕ್ಕಳ ಸುದ್ದಿ ಹೇಳುವವರು ಯಾರು? ಅದಕ್ಕೇ ನುಂಗಿಕೊಂಡಿದ್ದೇನೆ. ಮುಚ್ಚುಮರೆ ನನಗೆ ಬಾರದು, ಟೀಚರ್ ಅಲ್ಲವಾ.

ಎರಡನೇ ತಾರೀಕು ಸತ್ತವರ ಹಬ್ಬ. ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಹೂ ಇಟ್ಟು ಮೊಂಬತ್ತಿ ಹಚ್ಚಿದರು. ನನ್ನ ಮಗಳ ಸಮಾಧಿ ಯಾವ ದಿಕ್ಕಿಗೆ ಇದೆ ಎಂದು ಸಹ ನನಗೆ ಗೊತ್ತಿಲ್ಲ. ನನ್ನ ಅತ್ತೆಯ ಸಮಾಧಿಯ ಮೂಲೆಯಲ್ಲಿ ಒಂದು ಬತ್ತಿ ಹೆಚ್ಚಿಗೆ ಹಚ್ಚಿ ಬಂದೆ.

ಈ ಸಲ ಹಬ್ಬದ ಸುದ್ದಿ ಎತ್ತಬೇಡ ಮಾರಾಯ್ತಿ. ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ನಕ್ಷತ್ರ ತೂಗುವುದಿಲ್ಲ, ಕುಸ್ವಾರಿಗೆ ಬಾಣಲೆ ಇಡುವುದಿಲ್ಲ. ವಿನೀತಾಳ ಮನೆಗೆ ಈ ವರ್ಷ ಹಬ್ಬವಿಲ್ಲ. ಹಿಟ್ಟು ಕಲಸಿ, ಉಂಡೆ ಮಾಡಿ, ಹೊಸ ಬಾಚಣಿಗೆಯ ಮೇಲೆ ಒತ್ತಿ ಗೆರೆ ಮೂಡಿಸಿ ಕಿಡ್ಯೊ ಸುರುಳಿ ಸುತ್ತುವುದು ಅವಳದೇ ಕೆಲಸವಾಗಿತ್ತು. ಐದು ವರ್ಷದವಳಿದ್ದಾಗಿನಿಂದ. ಈಗ ಆ ಹಿಟ್ಟು ಮುಟ್ಟಿದರೆ ನನಗೆ ಹುಚ್ಚೇ ಹಿಡಿದೀತು.

ನನಗಿರುವ ಭಯ ಒಂದೇ. ಎಸ್ತೆರ್ ಎಂಬವರು ಒಳ್ಳೆಯವರೇ ಇರಬಹುದು, ಆ ಹೆಸರು ನಮ್ಮ ಬೈಬಲಿನಲ್ಲೂ ಇದೆ. ವಾರ ವಾರ ಬರುವ ಅಜ್ಜಿ ಅವರು. ನಾನು ಏಳು ಸಾವಿರ ಕಿಲೋಮೀಟರ್ ಆಚೆ ಕೂತ ಅಜ್ಜಿ. ಆ ಮಕ್ಕಳಲ್ಲಿ ನನ್ನ ಮಗಳದ್ದು ಅಂತ ಏನಾದರೂ ಉಳಿಯುತ್ತದಾ? ಚಿಕ್ಕವನು ಮರೆಯುತ್ತಾನೆ, ಅದು ನನಗೆ ಗೊತ್ತು. ದೊಡ್ಡವಳನ್ನಾದರೂ ನೋಡಿಕೋ.

ನಿನ್ನ ಗಂಡ ವಿಠ್ಠಲನಿಗೆ ನಮ್ಮ ಆಶೀರ್ವಾದ.

ಕಾಗದದ ದಾರಿ ಕಾಯುವ,
ಸೆಲೀನ್


ವೆಸ್ಟೆರಾಸ್
30 ಡಿಸೆಂಬರ್ 2005

ಪ್ರೀತಿಯ ಆಂಟಿ,

ಹಬ್ಬ ಕಳೆಯಲಿ ಅಂತಲೇ ಕಾದಿದ್ದೆ. ನೀವು ಹೇಳಿದ್ದನ್ನು ಅಕ್ಷರಶಃ ನಡೆಸಿಕೊಟ್ಟಿದ್ದೇನೆ, ಅದೊಂದು ಸಮಾಧಾನ ನಿಮಗಿರಲಿ.

ನವೆಂಬರ್ ಕೊನೆಯ ಭಾನುವಾರ ಇಲ್ಲಿ ಎಲ್ಲರ ಕಿಟಕಿಗೂ ಕಾಗದದ ನಕ್ಷತ್ರ ಏರುತ್ತದೆ. ಅವತ್ತು ರೂಬೆನ್ ಅಟ್ಟದಿಂದ ಗೋದಲಿಯ ಪೆಟ್ಟಿಗೆ ಇಳಿಸಿಟ್ಟುಕೊಂಡು ನನಗೆ ಫೋನ್ ಮಾಡಿದ. "ಮಾಲತಿ, ಇದನ್ನ ವಿನೀತಾ ಹೇಗೆ ಜೋಡಿಸ್ತಿದ್ದಳು? ನೀನು ಬರ್ತೀಯಾ?" ಅಂದ. ನಾನು ನಿಮ್ಮ ಪತ್ರದ ಮಾತು ಹೇಳಿದೆ. ಸಾವಾದ ಮನೆಗೆ ವರ್ಷದವರೆಗೆ ಹಬ್ಬವಿಲ್ಲ, ಅವಳ ಅಮ್ಮನೇ ಬರೆದಿದ್ದಾರೆ ಅಂತ. ನಮ್ಮಲ್ಲೂ ಹಾಗೇ ತಾನೆ? ನಮ್ಮತ್ತೆ ತೀರಿಕೊಂಡ ವರ್ಷ ಯುಗಾದಿಗೆ ಬಾಗಿಲಿಗೆ ತೋರಣ ಕೂಡ ಕಟ್ಟಲಿಲ್ಲ. ರೂಬೆನ್, "ಅವಳ ಅಮ್ಮನ ಮಾತು ಮೀರೋದು ಬೇಡ" ಅಂದು ಪೆಟ್ಟಿಗೆ ವಾಪಸ್ ಇಟ್ಟ. ಒಳ್ಳೆಯ ಅಳಿಯ ಆಂಟಿ ನಿಮಗೆ.

ಮಿರಿಯಮ್‌ಗೆ ಅವನೇ ಕೂರಿಸಿಕೊಂಡು ತಿಳಿಸಿ ಹೇಳಿದ, ಮಮ್ಮಾ ತೀರಿಹೋದ್ದರಿಂದ ಮಮ್ಮನ ಹಬ್ಬ ಈ ವರ್ಷ ಇಲ್ಲ ಅಂತ. ಅವಳು ಹಟ ಮಾಡಲೇ ಇಲ್ಲ. ಕ್ಯಾಲೆಂಡರಿನ ಆ ಚೌಕದ ಹತ್ತಿರ ಕುರ್ಚಿ ಎಳೆದುಕೊಂಡು ಹೋಗಿ, ಹತ್ತಿ, ಎರಡು ಬಣ್ಣದಲ್ಲಿ ಒಂದನ್ನು ಉಗುರಿನಲ್ಲಿ ಕೆರೆದಳಂತೆ. ಬೀದಿಗೆಲ್ಲ ಅವರ ಕಿಟಕಿ ಒಂದೇ ಕತ್ತಲಾಗಿತ್ತು. ಆ ಕಡೆ ಹೋದಾಗಲೆಲ್ಲ ನಾನು ಮುಖ ತಿರುಗಿಸಿಕೊಂಡೇ ನಡೆದೆ. ಆದರೂ ಹಿರಿಯರ ಪದ್ಧತಿ ಅಲ್ಲವೇ.

ಹನುಕ್ಕಾ ಮಾತ್ರ ಮಾಡಿದರು. ಎಸ್ತೆರ್ ಅಂದರು, "ದುಃಖ ಇರೋ ಮನೆಗೇ ದೀಪ ಮೊದಲು ಬೇಕು. ನಮ್ಮಲ್ಲಿ ಇದನ್ನ ಯಾರಿಗೋಸ್ಕರವೂ ನಿಲ್ಲಿಸೋ ಹಾಗಿಲ್ಲ." ಇಪ್ಪತ್ತೈದರ ಸಂಜೆ ನಾನೂ ವಿಠ್ಠಲನೂ ಹೋಗಿದ್ದೆವು. ಮಿರಿಯಮ್ ಮೊದಲ ಬತ್ತಿ ಹಚ್ಚಿದಳು. ಎಸ್ತೆರ್ ಹಾಡು ಹೇಳಿಕೊಟ್ಟರು, ಯೋಯೆಲ್ ಬುಗುರಿ ಆಡಿಸುತ್ತ ನಕ್ಕ. ಮಿರಿಯಮ್ ನನ್ನನ್ನು ಅಡುಗೆಮನೆಗೆ ಕರೆದು, ಮಮ್ಮನ ಹಬ್ಬ ಯಾರ ಮನೆಯಲ್ಲೂ ಇಲ್ಲವಾ, ನಮ್ಮ ಮನೆಯಲ್ಲಿ ಮಾತ್ರ ಇಲ್ಲವಾ ಎಂದು ಕೇಳಿದಳು. ನಿಮ್ಮ ಮನೆಯಲ್ಲಿ ಮಾತ್ರ ಪುಟ್ಟಾ ಅಂದೆ. ತಲೆ ಆಡಿಸಿ ಹೋದಳು.

ಮುಂದಿನ ವರ್ಷ ಎಲ್ಲ ಸರಿಯಾಗಿ ಮಾಡೋಣ.

ನಿಮ್ಮ ಮಾತು ನಡೆಸಿದ ಸಮಾಧಾನದಲ್ಲಿ,
ಮಾಲತಿ


ಶಿರ್ವ
21 ಜನವರಿ 2006

ಮಾಲತಿಯವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವ ಶಕ್ತಿ ನನಗಿಲ್ಲ.

ನಾನು ಬರೆದದ್ದು ದುಃಖದ ಮಾತು. ಆರು ವರ್ಷದ ಮಗುವಿಗೆ ಹಾಕಿದ ಕಾನೂನಲ್ಲ. ಅರವತ್ತು ದಾಟಿದ ಇಬ್ಬರು ಸಿಹಿ ತಿನ್ನದೆ ಕೂತರೆ ಯಾರಿಗೇನು ಹೋಯಿತು? ಸಾವಾದ ಮನೆಯಲ್ಲಿ ಕುಸ್ವಾರ್ ಮಾಡುವುದಿಲ್ಲ, ನಿಜ. ಯಾಕೆಂದರೆ ನೆರೆಯವರು ಮಾಡಿ ತಂದುಕೊಡುತ್ತಾರೆ. ನಮಗೂ ಪಕ್ಕದ ನಳಿನಿ ತಂದಿಟ್ಟಳು, ಅವಳೇನು ನಮ್ಮ ಜಾತಿಯವಳಲ್ಲ. ಗೋದಲಿಯನ್ನು ಯಾರಾದರೂ ನಿಲ್ಲಿಸುತ್ತಾರಾ? ನನ್ನ ಮಾವ ತೀರಿಕೊಂಡ ವರ್ಷ ಮನೆಯಲ್ಲಿ ನಕ್ಷತ್ರವಿರಲಿಲ್ಲ, ಆದರೆ ಚಿಕ್ಕವಳಾಗಿದ್ದ ಇದೇ ವಿನೀತಾ ಮೂಲೆಯಲ್ಲಿ ಹುಲ್ಲು ಹರಡಿ ಬಾಲಯೇಸುವನ್ನು ಮಲಗಿಸಿದ್ದಳು. ಮಕ್ಕಳಿರುವ ಮನೆಗೆ ಬೇರೆ ಲೆಕ್ಕ. ನಿಮಗೆ ಒಂದು ಮಾತು ಕೇಳಲು ಏನಾಗಿತ್ತು?

ಎಸ್ತೆರ್ ತನ್ನ ದೀಪ ಬಿಟ್ಟುಕೊಡಲಿಲ್ಲ. ಬಿಡಬಾರದು, ನಾನಾದರೂ ಬಿಡುತ್ತಿರಲಿಲ್ಲ. ನನ್ನ ಮಗಳ ಪರವಾಗಿ ಆ ಮನೆಯಲ್ಲಿ ನಿಂತು ಮಾತಾಡಲು ನಿಮ್ಮೊಬ್ಬರನ್ನು ನಂಬಿದ್ದೆ. ನೀವು ನನ್ನ ಹೆಸರಿನಲ್ಲೇ ಅವಳ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದಿರಿ. ಮೊಮ್ಮಗಳು ಬೆಳೆದು ಏನು ಹೇಳುತ್ತಾಳೆ? ಮಮ್ಮನ ಹಬ್ಬ ಬೇಡವೆಂದವಳು ಅಜ್ಜಿ ಎನ್ನುತ್ತಾಳೆ. ಉಗುರಿನಲ್ಲಿ ಕೆರೆದಳಂತೆ! ಅದನ್ನು ಬರೆಯುವಾಗ ನಿಮ್ಮ ಕೈ ನಿಲ್ಲಲಿಲ್ಲವಾ?

ಮೊದಲು ಕಾಯಿಲೆ ಮುಚ್ಚಿಟ್ಟಿರಿ. ಅದನ್ನು ನುಂಗಿದೆ. ಇದನ್ನು ನುಂಗಲಾರೆ. ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಸೆಲೀನ್ ಮಥಾಯಸ್


ವೆಸ್ಟೆರಾಸ್
14 ಫೆಬ್ರವರಿ 2006

ಆಂಟಿ,

ಬರೆಯಬೇಡಿ ಅಂದಿರಿ. ಬರೆಯುತ್ತಿದ್ದೇನೆ. ನೀವು ನನ್ನನ್ನು ಬಹುವಚನದಲ್ಲಿ ಕರೆದದ್ದು ಬೈಗುಳಕ್ಕಿಂತ ಜೋರಾಗಿ ಬಿತ್ತು.

ತಪ್ಪು ನನ್ನದೇ. ನಮ್ಮನೆ ಅಳತೆಯಲ್ಲಿ ನಿಮ್ಮನೆ ಸಾವನ್ನು ಅಳೆದುಬಿಟ್ಟೆ. ಪತ್ರ ಬಂದ ದಿನವೇ ರೂಬೆನ್ ಮನೆಗೆ ಓಡಿದೆ. ಎಲ್ಲ ಕೇಳಿ ಅವನು ತಲೆ ಹಿಡಿದುಕೊಂಡು ಕೂತ. "ನನಗೂ ಗೊತ್ತಾಗಬೇಕಿತ್ತು. ಹತ್ತು ವರ್ಷ ಅವಳ ಜೊತೆ ಇದ್ದವನು ನಾನು" ಅಂದ. ಆಮೇಲೆ, ತಡವಾದರೂ ಪರವಾಗಿಲ್ಲ, ಮಕ್ಕಳಿಗೆ ತಿಂಗಳು ಗೊತ್ತಾಗಲ್ಲ ಅಂದುಕೊಂಡು ಆ ಶನಿವಾರವೇ ಇಬ್ಬರೂ ಸೇರಿ ಪೆಟ್ಟಿಗೆ ಇಳಿಸಿದೆವು.

ಯೋಯೆಲ್ ಗೋದಲಿಯ ಕತ್ತೆಯನ್ನು ಎತ್ತಿಕೊಂಡು ಓಡಿದ, ಅದೇನೆಂದು ಅವನಿಗೆ ನೆನಪಿಲ್ಲ. ಮಿರಿಯಮ್ ಅದನ್ನು ಅವನ ಕೈಯಿಂದ ಕಿತ್ತು, ವಿನೀತಾ ಸುತ್ತುತ್ತಿದ್ದ ಹಾಗೇ ಟವೆಲ್ಲಿನಲ್ಲಿ ಸುತ್ತಿ, ಒಳಗಿಟ್ಟು ಮುಚ್ಚಳ ಹಾಕಿದಳು. "ನಮ್ಮಲ್ಲಿ ಅದು ಇಲ್ಲ" ಅಂದಳು, ಅಂಗಡಿಯವರು ಹೇಳುವ ಹಾಗೆ, ಮರ್ಯಾದೆಯಿಂದ. ಸ್ಕೂಲಿನಲ್ಲೂ ಕೇಳಿದವರಿಗೆಲ್ಲ ಹಾಗೇ ಹೇಳುತ್ತಾಳಂತೆ. ಅಜ್ಜಿ ಬೇಡವೆಂದಿರಲಿಲ್ಲ, ನಾನೇ ತಪ್ಪು ತಿಳಿದೆ ಎಂದು ಮಂಡಿಯೂರಿ ಹೇಳಿದೆ. ನನ್ನ ಕೆನ್ನೆ ತಟ್ಟಿ ಆಟಕ್ಕೆ ಹೋದಳು. ನಾನು ಅವರ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನೀವೇ ಬರಬೇಕು ಆಂಟಿ. ಬೇರೆಯವರ ಕೈಲಿ ಆಗುವ ಕೆಲಸವಲ್ಲ ಇದು. ವೀಸಾಕ್ಕೆ ಕಾಗದಪತ್ರ ಕಳಿಸಲು ರೂಬೆನ್ ತಯಾರಿದ್ದಾನೆ.

ಕ್ಷಮೆಗೆ ಯೋಗ್ಯಳಲ್ಲದ,
ಮಾಲತಿ


ವೆಸ್ಟೆರಾಸ್
21 ಆಗಸ್ಟ್ 2006

ಆಂಟಿ,

ಆರು ತಿಂಗಳಿಂದ ನಿಮ್ಮ ಅಕ್ಷರ ಕಂಡಿಲ್ಲ. ನಿನ್ನೆಗೆ ಒಂದು ವರ್ಷ. ಸಮಾಧಿಗೆ ಹೋಗಿದ್ದೆವು. ಅದು ಪೂರ್ವಕ್ಕೆ ಮುಖ ಮಾಡಿದೆ, ಪಕ್ಕದಲ್ಲಿ ಒಂದು ಬರ್ಚ್ ಮರ. ಅವತ್ತು ನೀವು ಕೇಳಿದಾಗಲೇ ಬರೆಯಬೇಕಿತ್ತು. ರೂಬೆನ್ ತಮ್ಮ ಪದ್ಧತಿಯಂತೆ ಒಂದು ಸಣ್ಣ ಕಲ್ಲು ಇಟ್ಟ. ನಾನು ನಿಮ್ಮ ಪರವಾಗಿ ಹೂ ಇಟ್ಟೆ. ಈ ಸಲ ಕೇಳದೆ ಮಾಡಿದ್ದು ಇದೊಂದೇ.

ವಿಠ್ಠಲನಿಗೆ ನಾರ್‌ಶೋಪಿಂಗಿನಲ್ಲಿ ಕೆಲಸವಾಯಿತು, ಮುಂದಿನ ತಿಂಗಳು ಹೊರಡುತ್ತೇವೆ. ಹೊಸ ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ಉಪಯೋಗಿಸದಿದ್ದರೂ ಇಟ್ಟುಕೊಂಡಿರಿ.

ಮಾಲತಿ


ವೆಸ್ಟೆರಾಸ್
27 ಡಿಸೆಂಬರ್ 2006

ಮಾಲತಿ, ಮಗಳೇ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಹನ್ನೆರಡನೇ ತಾರೀಕು ಬಂದೆ. ಇಗ್ನೇಷಿಯಸ್‌ಗೆ ಇಷ್ಟು ದೂರದ ಪ್ರಯಾಣ ಆಗದು, ಒಬ್ಬಳೇ ಬಂದೆ. ನಿನಗೆ ತಿಳಿಸಬೇಡ ಎಂದು ರೂಬೆನ್‌ಗೆ ಹೇಳಿದವಳು ನಾನೇ. ನಿನ್ನ ಮೇಲಿನ ಸಿಟ್ಟು ಅಷ್ಟಿತ್ತು. ಈಗ ಅದನ್ನು ಹುಡುಕಿದರೂ ಸಿಗುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೂತು ಓದು.

ಬರುವಾಗ ನನ್ನ ಮನಸ್ಸಿನಲ್ಲಿ ಎಲ್ಲ ಸಿದ್ಧವಾಗಿತ್ತು. ವರ್ಷ ಕಳೆಯಿತು, ಇನ್ನು ತಡೆಯಿಲ್ಲ. ನಾನೇ ಹೋಗಿ, ನನ್ನ ಕೈಯಾರೆ ಹಬ್ಬ ಮಾಡಿ, ಮೊಮ್ಮಗಳಿಗೆ ಅವಳ ಅಮ್ಮನದ್ದನ್ನು ವಾಪಸು ಕೊಡುತ್ತೇನೆ ಎಂದುಕೊಂಡಿದ್ದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಇದೊಂದು ಆಗದೇ ಎಂಬ ಜಂಭ.

ಈ ಸಲ ಹನುಕ್ಕಾ ಮೊದಲೇ ಬಂತು, ಹದಿನೈದಕ್ಕೆ. ಎಂಟು ಸಂಜೆಯೂ ನಾನು ಎಸ್ತೆರ್ ಪಕ್ಕದಲ್ಲಿ ನಿಂತೆ. ಮೊದಲ ದಿನ ನನಗೆ ಹೊಟ್ಟೆಕಿಚ್ಚು, ಸುಳ್ಳು ಹೇಳಲಾರೆ. ಮಿರಿಯಮ್ ಹಾಡನ್ನು ತಡವರಿಸದೆ ಹೇಳಿದಳು. ನಾಲ್ಕನೇ ದಿನ ಎಸ್ತೆರ್ ನನ್ನ ಕೈಗೆ ಬತ್ತಿ ಕೊಟ್ಟು, "ನೀವು ಹಚ್ಚಿ" ಎಂದರು. ನಾನು ಹಚ್ಚಿ ಮುಗಿಸುವವರೆಗೆ ನನ್ನ ಸೆರಗು ಬೆಂಕಿಗೆ ತಾಕದಂತೆ ಅವರೇ ಹಿಡಿದುಕೊಂಡರು. ಆಮೇಲೆ ಅವರ ಮೇಲೆ ಹೊಟ್ಟೆಕಿಚ್ಚು ಪಡಲು ನನ್ನಿಂದಾಗಲಿಲ್ಲ.

ಬತ್ತಿಗಳು ಮುಗಿದ ಮರುದಿನ, ಇಪ್ಪತ್ತಮೂರಕ್ಕೆ, ಕಿಡ್ಯೊಗೆ ಹಿಟ್ಟು ಕಲಸಿದೆ. ಯೋಯೆಲ್ ಬಾಚಣಿಗೆಯ ಮೇಲೆ ಒತ್ತಿ ಒತ್ತಿ ಕುಣಿದ. ದೊಡ್ಡವಳು ಅಡುಗೆಮನೆಯ ಬಾಗಿಲಿಗೂ ಬರಲಿಲ್ಲ. ಮಧ್ಯಾಹ್ನ ರೂಬೆನ್ ಪೆಟ್ಟಿಗೆ ತಂದಿಟ್ಟ. ನಾನು ಮೇರಿಯಮ್ಮನ ಬೊಂಬೆಯನ್ನು ಟವೆಲ್ಲಿನಿಂದ ಬಿಚ್ಚುವಷ್ಟರಲ್ಲಿ ಮಿರಿಯಮ್ ಎದ್ದು ಹೋಗಿ, ಮುಂಬಾಗಿಲ ಬಳಿ ಎಲ್ಲರ ಕೋಟು ನೇತುಹಾಕುವ ಜಾಗದಲ್ಲಿ ಕೋಟುಗಳ ಹಿಂದೆ ಅಡಗಿದಳು. ನಾನೂ ಹಿಂದೆಯೇ ಹೋಗಿ ಬೂಟುಗಳ ನಡುವೆ ನೆಲದ ಮೇಲೆ ಕೂತೆ.

ನನ್ನ ಕೊಂಕಣಿ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಸ್ವೀಡಿಷಿನಲ್ಲಿ. ರೂಬೆನ್ ನಿಂತು ಅವಳ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಾನು ಅವಳಿಗೆ, ಹೋದ ವರ್ಷ ಆದದ್ದು ತಪ್ಪು ಮಗಾ, ಈಗ ವರ್ಷ ಮುಗಿಯಿತು, ಇನ್ನು ಹಬ್ಬ ಮಾಡಬಹುದು ಎಂದೆ.

ಕೋಟುಗಳ ಒಳಗಿಂದ ಅವಳು ಏನೋ ಹೇಳಿದಳು. ರೂಬೆನ್ ಅದನ್ನು ಇಂಗ್ಲಿಷಿಗೆ ತರಲಿಲ್ಲ. ಏನು ಹೇಳಿದಳು, ಹೇಳು ಎಂದು ನಾನೇ ಒತ್ತಾಯಿಸಿದೆ.

"ಮಮ್ಮಾ ಸತ್ತಿದ್ದಾಳೆ ಅಂತ ಹಬ್ಬ ಇಲ್ಲ ಅಂದ್ರಿ. ಮಮ್ಮಾ ಇನ್ನೂ ಸತ್ತೇ ಇದ್ದಾಳಲ್ಲ."

ಮಾಲತಿ, ಇದಕ್ಕೆ ಯಾವ ಪಾದ್ರಿ ಉತ್ತರ ಕೊಟ್ಟಾನು ಹೇಳು? ವರ್ಷ ಮುಗಿಯಿತು ಎನ್ನುತ್ತೇವೆ. ಏನು ಮುಗಿಯಿತು? ಆ ಮಗು ಹದಿನಾರು ತಿಂಗಳು ಅಳದೆ ಹಿಡಿದಿಟ್ಟುಕೊಂಡದ್ದು ಇದನ್ನೇ. ಹಬ್ಬ ಬಂದರೆ ಅವಳ ಅಮ್ಮ ಸತ್ತದ್ದು ಎಲ್ಲರಿಗೂ ಸರಿಹೋಯಿತು ಎಂದಾಗುತ್ತದೆ ಅವಳಿಗೆ. ನಾನು ವಾಪಸು ಕೊಡಲು ಬಂದದ್ದು ಅವಳ ಪಾಲಿಗೆ ಕಿತ್ತುಕೊಳ್ಳುವುದಾಗಿತ್ತು. ಅವಳ ಮಾತು ಕೇಳಿ ನನಗೆ ಅನ್ನಿಸಿತು, ಇಷ್ಟು ನಿಷ್ಠೆಯಿಂದ ನನ್ನ ಮಗಳಿಗಾಗಿ ಶೋಕ ಪಾಲಿಸಿದವರು ಯಾರೂ ಇಲ್ಲ, ನಾನೂ ಇಲ್ಲ.

ಆಮೇಲೆ ಕೋಟಿನ ಸಂದಿಯಿಂದ ಒಂದು ಕಣ್ಣು ಕಾಣಿಸಿತು. "ಅಜ್ಜಿ ಮನೇಲಿ ಹಬ್ಬ ಇದೆಯಾ?"

ಇಗ್ನೇಷಿಯಸ್ ಆ ಹೊತ್ತಿಗೆ ನಮ್ಮ ಜಗಲಿಯಲ್ಲಿ ನಕ್ಷತ್ರ ತೂಗಿಯಾಗಿತ್ತು. ಅದು ನನಗೆ ಗೊತ್ತಿತ್ತು. ನಾನು ಹೇಳಿದೆ, "ಇಲ್ಲ ಮಗಾ. ನಮ್ಮಲ್ಲೂ ಇಲ್ಲ. ವಿನೀತಾ ಹೋದ ಮೇಲೆ ನಮ್ಮಲ್ಲೂ ಇಲ್ಲ."

ಅವಳು ಕೋಟುಗಳನ್ನು ಬದಿಗೆ ಸರಿಸಿ ನನಗೆ ಜಾಗ ಮಾಡಿಕೊಟ್ಟಳು. ನಾನು ಒಳಗೆ ನುಸುಳಿದೆ. ಅಲ್ಲಿ ಅತ್ತಳು, ಮೊದಲ ಸಲ. ರೂಬೆನ್ ಬೊಂಬೆಗಳನ್ನು ಸುತ್ತಿ ಒಳಗಿಟ್ಟ. ನಾನು ತಡೆಯಲಿಲ್ಲ. ಅದೇ ಹೊತ್ತಿಗೆ ನಿನ್ನ ಮೇಲಿನ ಸಿಟ್ಟೂ ಹೋಯಿತು. ಆ ಮಾತು ಬರೆದವಳು ನಾನು. ನೀನು ಓದಿದೆ, ಅಷ್ಟೇ.

ಇಪ್ಪತ್ತೈದರ ಬೆಳಿಗ್ಗೆ ಚರ್ಚಿನ ಪೂಜೆಗೆ ಹೊರಟೆ. ಮಕ್ಕಳಿಗೆ ತಿಳಿಯದಂತೆ ಹೋಗಿ ಬರೋಣ ಎಂದು ರೂಬೆನ್ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದ. ಅರವತ್ತಮೂರು ವರ್ಷದಲ್ಲಿ ನಾನು ಕ್ರಿಸ್‌ಮಸ್ ಪೂಜೆ ತಪ್ಪಿಸಿದವಳಲ್ಲ, ವಿನೀತಾ ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ. ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಕೋಟು ಹಾಕಿ, ಬೂಟಿನ ಲೇಸು ಕಟ್ಟಿ ಎದ್ದು ನಿಂತೆ. ತಿರುಗಿದರೆ ಮಿರಿಯಮ್ ನೈಟ್‌ಡ್ರೆಸ್ಸಿನಲ್ಲಿ ನಿಂತಿದ್ದಾಳೆ. ನನ್ನ ಸೀರೆಯ ಅಂಚನ್ನೇ ನೋಡುತ್ತಿದ್ದಳು.

ಎಲ್ಲಿಗೆ ಎಂದು ಕೇಳಿದಳು. ಅಷ್ಟು ಸ್ವೀಡಿಷ್ ನನಗೂ ಬರುತ್ತದೆ ಈಗ.

"ಎಲ್ಲಿಗೂ ಇಲ್ಲ" ಎಂದೆ.

ಅವಳು ನೆಲದ ಮೇಲೆ ಕೂತು ನನ್ನ ಬೂಟಿನ ಲೇಸು ಬಿಚ್ಚತೊಡಗಿದಳು, ಮೊದಲು ಒಂದು ಕಾಲಿನದು, ಆಮೇಲೆ ಇನ್ನೊಂದರದು.

ನಿನ್ನ,
ಸೆಲೀನಮ್ಮ